ತಪ್ಪು ಯಾವ ಸಾಲಿನದು?

1947ರಲ್ಲಿ ಹಾರ್ವರ್ಡ್‌ನ ಮಾರ್ಕ್-2 ಗಣಕಯಂತ್ರದ ರಿಲೇಯೊಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತು. ಸಿಬ್ಬಂದಿ ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ ದಾಖಲಿಸಿದರು. ದೋಷಕ್ಕೆ ‘ಬಗ್’ ಎನ್ನುವ ರೂಢಿ ಅದಕ್ಕೂ ಹಿಂದಿನದು. ಆದರೆ ಈ ಪ್ರಸಂಗವನ್ನು ಲೋಕಪ್ರಸಿದ್ಧಗೊಳಿಸಿದವರು ಆ ತಂಡದಲ್ಲಿದ್ದ ಗ್ರೇಸ್ ಹಾಪರ್. ಪತಂಗ ಕಣ್ಣಿಗೆ ಕಾಣುತ್ತದೆ. ಆದೇಶಗಳ ನಡುವೆ ಅಡಗಿದ ತಪ್ಪು ಕಾಣುವುದಿಲ್ಲ.

1906ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಹಾಪರ್, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನ ಅಧ್ಯಾಪನ ಬಿಟ್ಟು 1943ರಲ್ಲಿ ನೌಕಾಪಡೆಯ ಮೀಸಲು ದಳ ಸೇರಿ, ಮರುವರ್ಷ ಮಾರ್ಕ್-1 ಯಂತ್ರದ ಕ್ರಮವಿಧಿ ರಚನೆಗೆ ನಿಯೋಜಿತರಾದರು. ಆಗ ಒಬ್ಬರು ಬರೆದಿಟ್ಟ ಆದೇಶಗಳನ್ನು ಮತ್ತೊಬ್ಬರು ಕೈಯಿಂದ ನಕಲು ಮಾಡಿಕೊಳ್ಳಬೇಕಿತ್ತು. ಒಂದು ಅಂಕಿ ತಪ್ಪಿದರೂ ಲೆಕ್ಕವೆಲ್ಲ ಕೆಡುತ್ತಿತ್ತು. ನಕಲು ಮಾಡುವ ಶ್ರಮವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದೆಂಬ ಯೋಚನೆಯಿಂದ 1952ರ ವೇಳೆಗೆ ಯುನಿವ್ಯಾಕ್ ಯಂತ್ರಕ್ಕಾಗಿ ಅವರ ‘ಎ-0’ ಕಂಪೈಲರ್ ರೂಪುಗೊಂಡಿತು. ಇಂಗ್ಲಿಷ್ ಪದಗಳಲ್ಲೇ ಆದೇಶ ನೀಡಬಹುದಾದ ಅವರ ‘ಫ್ಲೋ-ಮ್ಯಾಟಿಕ್’, 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಯ ರಚನೆಗೆ ಪ್ರಮುಖ ಆಧಾರವಾಯಿತು.

ಆದರೆ ಅನುವಾದಕ ನಡುವೆ ಬಂದೊಡನೆ ಹೊಸ ತೊಡಕೊಂದು ಹುಟ್ಟಿತು. ಮನುಷ್ಯ ಬರೆಯುವುದು ಒಂದು ಭಾಷೆಯಲ್ಲಿ, ಯಂತ್ರ ಮುಗ್ಗರಿಸುವುದು ಇನ್ನೊಂದರಲ್ಲಿ. ಆದ್ದರಿಂದಲೇ ಇಂದಿನ ಕಂಪೈಲರ್‌ಗಳು, ಯಾವ ಯಂತ್ರಾದೇಶ ಮೂಲದ ಯಾವ ಸಾಲಿನಿಂದ ಬಂದಿತೆಂಬ ಪಟ್ಟಿಯನ್ನೂ ಸಿದ್ಧಪಡಿಸಬಲ್ಲವು. ವೇಗಕ್ಕಾಗಿ ಆದೇಶಗಳನ್ನು ಹಿಂದುಮುಂದು ಮಾಡಿದಾಗ ಈ ಪಟ್ಟಿಯ ಕೊಂಡಿ ಸಡಿಲವಾಗಿ, ನಿರಪರಾಧಿ ಸಾಲಿನ ಮೇಲೆ ಆರೋಪ ಬರುವುದೂ ಉಂಟು.

ಇದು ಕೇವಲ ತಂತ್ರಜ್ಞರ ತಲೆನೋವಲ್ಲ. ಸರ್ಕಾರಿ ಕಡತದಲ್ಲಿ ಪ್ರತಿ ಆದೇಶದ ಹಿಂದೆ ಟಿಪ್ಪಣಿ, ಸಹಿ, ದಿನಾಂಕಗಳಿರುತ್ತವೆ. ತಪ್ಪಾದರೆ ಹಿಂದಕ್ಕೆ ಹೋಗಿ ಕಾರಣ ಕಾಣಬಹುದು. ಪಿಂಚಣಿ, ತೆರಿಗೆ, ಬಡ್ಡಿಗಳನ್ನು ಯಂತ್ರವೇ ಲೆಕ್ಕ ಹಾಕುವ ಈ ಕಾಲದಲ್ಲಿ, ಕಂಪ್ಯೂಟರ್ ಹಾಗೆ ತೋರಿಸುತ್ತಿದೆ ಎಂಬ ಉತ್ತರದೊಂದಿಗೆ ನಾಗರಿಕನನ್ನು ಹಿಂದಕ್ಕೆ ಕಳುಹಿಸುವುದು ನ್ಯಾಯವಲ್ಲ. ಯಂತ್ರದ ಪ್ರತಿ ತಪ್ಪಿನ ಮೂಲದಲ್ಲಿ ಮನುಷ್ಯ ಬರೆದ ಸಾಲೊಂದು ಇದ್ದೇ ಇರಬಹುದು. ಅದನ್ನು ತಲುಪುವ ದಾರಿ ತೆರೆದಿರಬೇಕು.

ಹಾಪರ್ 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾಗಿ 1992ರ ಜನವರಿ 1ರಂದು ನಿಧನರಾದರು. ಯಂತ್ರದ ಭಾಷೆಯನ್ನು ಮನುಷ್ಯನ ಸನಿಹಕ್ಕೆ ತಂದವರು ಅವರು. ಯಂತ್ರದ ತಪ್ಪಿಗೆ ಮನುಷ್ಯ ಉತ್ತರದಾಯಿಯಾಗುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.