ಯೂಜೀನ್ ಎಸ್ಮಂಡ್: ಗುರುಮಠದಿಂದ ಗಗನಕ್ಕೆ

ಗುರುಮಠವನ್ನು ಪ್ರವೇಶಿಸಿದ ಯುವಕರೆಲ್ಲರೂ ಯಾಜಕದೀಕ್ಷೆ ಪಡೆಯುವುದಿಲ್ಲ. ನಡುವೆಯೇ ಹಿಂದಿರುಗಿದವರನ್ನು ಕುರಿತು ಹಗುರವಾಗಿ ಮಾತನಾಡುವ ರೂಢಿ ನಮ್ಮಲ್ಲಿದೆ. ಹಾಗೆ ಮಾತನಾಡುವವರು ಎಸ್ಮಂಡರ ಜೀವನವನ್ನು ಅರಿಯುವುದು ಒಳಿತು.

ಅವರು 1909ರ ಮಾರ್ಚ್ 1ರಂದು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಜನಿಸಿದರು. ಮನೆತನ ಐರ್ಲೆಂಡಿನ ಟಿಪ್ಪರರಿಯ ಕಥೋಲಿಕ ಮನೆತನ. ತಂದೆ ವೈದ್ಯರು, ಬ್ರಿಟಿಷ್ ಸಂಸತ್ತಿನ ಸದಸ್ಯರೂ ಆಗಿದ್ದರು. ಯೇಸುಸಭೆಯ ಗುರುಗಳ ಶಾಲೆಗಳಲ್ಲಿ ಕಲಿತ ಯೂಜೀನರು ಧರ್ಮಪ್ರಚಾರಕರಾಗುವ ಹಂಬಲದಿಂದ ಮಿಲ್ ಹಿಲ್ ಸಭೆಯಲ್ಲಿ ವಿದ್ಯಾರ್ಥಿಯಾದರು. (ನಮ್ಮ ದೇಶದ ನೆಲ್ಲೂರು, ಕಾಶ್ಮೀರಗಳಲ್ಲಿ ದುಡಿದ ಸಭೆಯೇ ಇದು.) ಅದು ತಮಗೆ ಬಂದ ಕರೆಯಲ್ಲವೆಂದು ಮನಗಂಡು ಹೊರಬಂದು, 1928ರಲ್ಲಿ ವಾಯುಪಡೆಯನ್ನು ಸೇರಿದರು. ಮುಂದೆ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ವೈಮಾನಿಕರಾಗಿ ಭಾರತದ ಮಾರ್ಗದಲ್ಲಿಯೂ ಅಂಚೆ ಸಾಗಿಸಿದರು. 1935ರಲ್ಲಿ ಬರ್ಮಾದ ಐರಾವತಿ ನದಿಯಲ್ಲಿ ವಿಮಾನ ಅಪಘಾತಕ್ಕೀಡಾದಾಗ ಬದುಕಿ ಉಳಿದರು. 1939ರಲ್ಲಿ ನೌಕಾಪಡೆಯ ವಿಮಾನದಳಕ್ಕೆ ಬಂದರು.

ಅವರಿಗೆ ದೊರೆತ ಸ್ವೋರ್ಡ್‌ಫಿಶ್ ವಿಮಾನವು ಜೋಡಿ ರೆಕ್ಕೆಯ, ಬಟ್ಟೆಯ ಹೊದಿಕೆಯುಳ್ಳ, ಮಂದಗತಿಯ ಯಂತ್ರ. ಮೂವರು ಸಿಬ್ಬಂದಿ, ಕೆಳಗೆ ಒಂದು ಟಾರ್ಪೆಡೊ, ಇಷ್ಟೇ. 1941ರ ಮೇ 24ರ ರಾತ್ರಿ ಅಟ್ಲಾಂಟಿಕ್ ಸಾಗರದಲ್ಲಿ ಇಂತಹ 9 ವಿಮಾನಗಳನ್ನು ಮುನ್ನಡೆಸಿ, ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯ ಮೇಲೆ ಎರಗಿದರು. ಒಂದು ಟಾರ್ಪೆಡೊ ತಾಗಿತು. ಈ ಸಾಹಸಕ್ಕಾಗಿ ದೊರೆತ ಪದಕವನ್ನು 1942ರ ಫೆಬ್ರವರಿ 11ರಂದು ಅರಮನೆಯಲ್ಲಿ ದೊರೆಯ ಹಸ್ತದಿಂದ ಸ್ವೀಕರಿಸಿದರು.

ಮರುದಿನವೇ ಶಾರ್ನ್‌ಹೋರ್ಸ್ಟ್, ಗ್ನೈಸೆನೌ, ಪ್ರಿನ್ಸ್ ಯೂಜೆನ್ ಎಂಬ ಮೂರು ಜರ್ಮನ್ ನೌಕೆಗಳು ಹಾಡಹಗಲಲ್ಲಿ ಡೋವರ್ ಜಲಸಂಧಿಯನ್ನು ದಾಟತೊಡಗಿದವು. ಇರುಳಿನ ದಾಳಿಗೆಂದು ಮ್ಯಾನ್‌ಸ್ಟನ್ ನೆಲೆಯಲ್ಲಿ ಸಿದ್ಧವಾಗಿದ್ದ 6 ಸ್ವೋರ್ಡ್‌ಫಿಶ್‌ಗಳು ಹಗಲಲ್ಲೇ ಹೊರಡಬೇಕಾಯಿತು. ಐದು ದಳಗಳಷ್ಟು ಕಾವಲು ವಿಮಾನಗಳ ಭರವಸೆಯಿತ್ತು. ಹೊತ್ತಿಗೆ ಬಂದವು ಕೇವಲ 10. ಕಾಯುತ್ತ ಕುಳಿತರೆ ಶತ್ರು ಕೈತಪ್ಪುವುದು ಖಚಿತ. ಎಸ್ಮಂಡರು ಹೊರಟೇಬಿಟ್ಟರು. ಶತ್ರುವಿಮಾನಗಳ ಗುಂಡುಗಳೂ ನೌಕೆಗಳ ಫಿರಂಗಿಗಳೂ ಒಮ್ಮೆಲೇ ಸುರಿದವು. ಕೆಳರೆಕ್ಕೆ ಛಿದ್ರವಾದರೂ ಅವರ ವಿಮಾನ ದಿಕ್ಕು ಬದಲಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಡಲಿಗೆ ಬಿತ್ತು. ಆರರಲ್ಲಿ ಒಂದೂ ಮರಳಲಿಲ್ಲ. 18 ಮಂದಿಯಲ್ಲಿ ಉಳಿದವರು ಐವರು; ಅವರೆಲ್ಲರಿಗೂ ಶೌರ್ಯಪದಕಗಳು ದೊರೆತವು.

ಒಂದು ಟಾರ್ಪೆಡೊ ಕೂಡ ಗುರಿ ಮುಟ್ಟಲಿಲ್ಲ. ಅಂತಹ ವಿಮಾನಗಳನ್ನು ಹಗಲಲ್ಲಿ ಕಳುಹಿಸಿದ ಮೇಲಧಿಕಾರಿಗಳ ವಿವೇಕವನ್ನು ನಾನು ಸಮರ್ಥಿಸಲಾರೆ. ಯುದ್ಧವನ್ನು ಹೊಗಳುವುದೂ ನನ್ನ ಉದ್ದೇಶವಲ್ಲ. ಆದರೆ ತನ್ನ ಹಿಂದೆ ಬರುವ ಹದಿನೇಳು ಜನರಿಗಿಂತ ಮುಂದೆ ತಾನೇ ಸಾಗಿದ ಆ ನಾಯಕನಲ್ಲಿ ಒಬ್ಬ ಕುರುಬನ ಗುಣವನ್ನು ಕಾಣದಿರುವುದು ನನಗೆ ಕಷ್ಟ.

ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ವಿಕ್ಟೋರಿಯಾ ಕ್ರಾಸ್ ಅವರಿಗೆ ಮರಣೋತ್ತರವಾಗಿ ಸಂದಿತು. ಮಾರ್ಚ್ 17ರಂದು, ಐರಿಷರ ಪಾಲಕ ಸಂತ ಪ್ಯಾಟ್ರಿಕರ ಹಬ್ಬದ ದಿನ, ಅವರ ವಿಧವೆ ತಾಯಿ ಅದನ್ನು ಅರಮನೆಯಲ್ಲಿ ಸ್ವೀಕರಿಸಿದರು. ಆಗಿನ್ನೂ ಮಗನ ದೇಹ ಸಿಕ್ಕಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಅದು ಥೇಮ್ಸ್ ನದೀಮುಖದಲ್ಲಿ ತೇಲಿಬಂದಿತು. ಕೆಂಟ್ ಪ್ರಾಂತದ ಗಿಲ್ಲಿಂಗ್‌ಹ್ಯಾಮಿನ ಸ್ಮಶಾನದಲ್ಲಿ ಭೂಸ್ಥಾಪನೆ ಮಾಡಲಾಯಿತು.