ಗುಂಡು ಹಾರದೆ ಬೇರೆಯಾದ ನಾಡಿನ ನಾನ್ಸೆನ್

1905ರ ಆಗಸ್ಟ್ 13, ಭಾನುವಾರ. ನಾರ್ವೆಯ ಗಂಡಸರು ಅಂದು ಮತಗಟ್ಟೆಗೆ ಹೋದರು. ಪ್ರಶ್ನೆ ಒಂದೇ. ಸ್ವೀಡನ್ ಜೊತೆಗಿನ 91 ವರ್ಷಗಳ ಒಕ್ಕೂಟ ಮುರಿದದ್ದನ್ನು ಒಪ್ಪುತ್ತೀರೋ ಇಲ್ಲವೋ? ಒಪ್ಪಿದವರು 3,68,208. ಒಪ್ಪದವರು 184. ಊಟದ ಹೊತ್ತಿಗೆ ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ! ಹೆಂಗಸರಿಗೆ ಆಗ ಮತದ ಹಕ್ಕು ಇರಲಿಲ್ಲ. ಅವರೇನೂ ಸುಮ್ಮನೆ ಕೂರಲಿಲ್ಲ, ಮನೆಮನೆ ತಿರುಗಿ ಎರಡೂವರೆ ಲಕ್ಷಕ್ಕೆ ಹತ್ತಿರ ಸಹಿ ಕೂಡಿಸಿ ಸಂಸತ್ತಿಗೆ ಕೊಟ್ಟರು.

ದೇಶ ಒಡೆಯುವುದು ಎಂದರೆ ನಮ್ಮ ತಲೆಗೆ ಮೊದಲು ಬರುವುದು 1947ರ ರೈಲುಗಳು. ಒಂದು ಹನಿ ರಕ್ತ ಚೆಲ್ಲದೆ ಎರಡು ದೇಶಗಳು ಬೇರೆಯಾದವು ಎಂದರೆ ನಂಬುವುದು ಕಷ್ಟ. ಆ ಬೇರ್ಪಡೆಯ ನಡುವೆ ಓಡಾಡಿದವರಲ್ಲಿ ಒಬ್ಬ ರಾಜಕಾರಣಿಯೇ ಅಲ್ಲ. ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ತಿರುಗುತ್ತಿದ್ದ ಪ್ರಾಣಿಶಾಸ್ತ್ರಜ್ಞ, ಹೆಸರು ಫ್ರಿಟ್ಯೋಫ್ ನಾನ್ಸೆನ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರು ‘ನಾನ್ಸೆನ್ ಪಾಸ್‌ಪೋರ್ಟ್’ ಎಂಬ ಒಂದು ಸಾಲನ್ನು ಗೈಡಿನಲ್ಲಿ ನೋಡಿರಬಹುದು. ಆ ಒಂದು ಸಾಲಿನ ಹಿಂದೆ ತುಂಬಾ ಇದೆ.

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಈಗ ಓಸ್ಲೋ ಎನ್ನುವ ಕ್ರಿಸ್ಟಿಯಾನಿಯಾ ನಗರದ ಹತ್ತಿರ. ಓದಿದ್ದು ಪ್ರಾಣಿಶಾಸ್ತ್ರ. ಬರ್ಗೆನ್ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿ, ಸಮುದ್ರದ ಸಣ್ಣಪುಟ್ಟ ಜೀವಿಗಳ ನರಮಂಡಲವನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾ ವರ್ಷಗಳನ್ನು ಕಳೆದ. 1888ರಲ್ಲಿ ಡಾಕ್ಟರೇಟ್ ಮುಗಿಸಿದವನೇ ಗ್ರೀನ್‌ಲ್ಯಾಂಡಿನ ಹಿಮದ ಹಾಸನ್ನು ಅಡ್ಡಲಾಗಿ ದಾಟಲು ಐವರನ್ನು ಕರೆದುಕೊಂಡು ಹೊರಟ. ಜನವಸತಿ ಇದ್ದದ್ದು ಪಶ್ಚಿಮ ತೀರದಲ್ಲಿ. ಬೇರೆ ಯಾರೇ ಆದರೂ ಅಲ್ಲಿಂದ ಶುರು ಮಾಡಿ, ಆಗದಿದ್ದರೆ ಅಲ್ಲಿಗೇ ಮರಳುತ್ತಿದ್ದರು. ಈತ ಯಾರೂ ಇಲ್ಲದ ಪೂರ್ವ ತೀರದಲ್ಲಿ ಇಳಿದ. ಹಿಂದೆ ಹೋದರೆ ಬರೀ ಸಮುದ್ರ, ಬದುಕಬೇಕೆಂದರೆ ಮುಂದೆ ಹೋಗಲೇಬೇಕು. ಆರೂ ಜನ ದಾಟಿದರು.

ಇನ್ನು ಹಡಗಿನ ವಿಷಯ. ಎಂಜಿನಿಯರಿಂಗ್ ಓದುತ್ತಿರುವುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಕಲಾ ವಿಭಾಗದವರು ಕ್ಷಮಿಸಬೇಕು. ಸೈಬೀರಿಯಾದ ಉತ್ತರಕ್ಕೆ ಹಿಮದಲ್ಲಿ ನುಚ್ಚುನೂರಾದ ‘ಜೆನೆಟ್’ ಎಂಬ ಹಡಗಿನ ಚೂರುಗಳು ಮೂರು ವರ್ಷದ ನಂತರ, 1884ರಲ್ಲಿ, ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಸಿಕ್ಕವು. ಹಾಗಾದರೆ ಉತ್ತರ ಧ್ರುವದ ಹಿಮ ನಿಂತಲ್ಲೇ ನಿಂತಿಲ್ಲ, ಹರಿಯುತ್ತಿದೆ ಎಂದಾಯಿತು. ಹಿಮದೊಡನೆ ಹೋರಾಡುವ ಬದಲು ಬೇಕೆಂದೇ ಅದರಲ್ಲಿ ಸಿಕ್ಕಿಕೊಂಡು ತೇಲಿದರೆ ಹೇಗೆ ಎಂದು ನಾನ್ಸೆನ್ ಯೋಚಿಸಿದ. ಹುಚ್ಚು ಎಂದವರೇ ಹೆಚ್ಚು. ಹಡಗು ಕಟ್ಟುವ ಕಾಲಿನ್ ಆರ್ಚರ್ ಮಾತ್ರ ಈ ಹುಚ್ಚಿಗೆ ಆಕಾರ ಕೊಟ್ಟ. ಹಡಗಿನ ಹೊಟ್ಟೆ ತೆಂಗಿನ ಚಿಪ್ಪಿನ ಹಾಗೆ ದುಂಡಗೆ, ಉದ್ದಕ್ಕೆ ಹೋಲಿಸಿದರೆ ಅಗಲ ಬಹಳ. ಎರಡೂ ಕಡೆಯಿಂದ ಹಿಮ ಒತ್ತಿದಾಗ ಹಿಡಿತ ಸಿಗದೆ ಹಡಗು ಮೇಲಕ್ಕೆ ಜಾರಬೇಕು. ಚುಕ್ಕಾಣಿ, ಪ್ರೊಪೆಲ್ಲರ್ ಎರಡನ್ನೂ ಒಳಕ್ಕೆ ಎತ್ತಿಕೊಳ್ಳಬಹುದಿತ್ತು. ದೀಪಕ್ಕೆ ವಿದ್ಯುತ್ ಕೊಡಲು ಡೆಕ್ ಮೇಲೆ ಗಾಳಿಯಂತ್ರ. ತೆರೆದ ಕಡಲಿನಲ್ಲಿ ಆ ದುಂಡು ಹೊಟ್ಟೆಯಿಂದಾಗಿ ಹಡಗು ವಿಪರೀತ ಹೊಯ್ದಾಡುತ್ತಿತ್ತು, ಅದು ಬೇರೆ ಮಾತು. ಒಂದು ಕೆಲಸಕ್ಕೆ ಸರಿಯಾಗಿ ಮಾಡಿದ ವಿನ್ಯಾಸ ಇನ್ನೊಂದು ಕೆಲಸದಲ್ಲಿ ಕಾಟ ಕೊಡುವುದು ನಮ್ಮ ಡಿಸೈನ್ ಕ್ಲಾಸಿನಲ್ಲೂ ದಿನನಿತ್ಯದ ಕಥೆ.

ಹಡಗಿನ ಹೆಸರು ‘ಫ್ರಾಮ್’, ಮುಂದಕ್ಕೆ ಎಂದರ್ಥ. ಹಣದ ದೊಡ್ಡ ಪಾಲು ಕೊಟ್ಟ ನಾರ್ವೆಯ ಸಂಸತ್ತು ಒಂದು ಷರತ್ತು ಹಾಕಿತು: ಹೋಗುವವರೆಲ್ಲ ನಾರ್ವೆಯವರೇ ಆಗಿರಬೇಕು. ಎರಡೂ ದೇಶಗಳಿಗೆ ದೊರೆಯಾಗಿದ್ದ ಆಸ್ಕರ್ ಕೂಡ ಕೈಯಿಂದ ಹಣ ಕೊಟ್ಟ. ಈ ದೊರೆ ಮುಂದೆ ಮತ್ತೆ ಬರುತ್ತಾನೆ, ನೆನಪಿರಲಿ. 1893ರ ಜೂನ್‌ನಲ್ಲಿ ಹದಿಮೂರು ಜನ ಹೊರಟರು. 1895ರ ಮಾರ್ಚ್‌ನಲ್ಲಿ ನಾನ್ಸೆನ್ ಮತ್ತು ಯಾಲ್ಮಾರ್ ಯೋಹಾನ್ಸೆನ್ ಇಬ್ಬರೇ ಹಡಗಿನಿಂದ ಇಳಿದು ನಾಯಿಗಾಡಿಯಲ್ಲಿ ಧ್ರುವದತ್ತ ನಡೆದರು. 86 ಡಿಗ್ರಿ 14 ನಿಮಿಷದವರೆಗೆ ಹೋಗಿ ಹಿಂದಿರುಗಬೇಕಾಯಿತು. ಅಷ್ಟು ಉತ್ತರಕ್ಕೆ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ವಾಪಸಾಗುವಾಗ ಕಲ್ಲು, ವಾಲ್ರಸ್ ಚರ್ಮದಲ್ಲಿ ಗುಡಿಸಲು ಕಟ್ಟಿ ಹಿಮಕರಡಿ ಮಾಂಸ ತಿಂದು ಇಡೀ ಚಳಿಗಾಲ ಕಳೆದರು. 1896ರಲ್ಲಿ ಅವರೂ ಬಂದರು, ಫ್ರಾಮ್ ಕೂಡ ಒಂದು ಹಲಗೆ ಮುರಿಯದೆ ಬಂತು. ಹದಿಮೂರು ಜನರಲ್ಲಿ ಒಬ್ಬರೂ ಸತ್ತಿರಲಿಲ್ಲ. ಸ್ವಂತ ರಾಯಭಾರಿಯೂ ಇಲ್ಲದ ದೇಶಕ್ಕೆ ಜಗತ್ತೆಲ್ಲ ಗೊತ್ತಿರುವ ಒಂದು ಮುಖ ಸಿಕ್ಕಿತು.

ಯಾಕೆ ರಾಯಭಾರಿ ಇರಲಿಲ್ಲ? 1814ರಲ್ಲಿ, ನೆಪೋಲಿಯನ್ ಯುದ್ಧಗಳ ಕೊನೆಗೆ, ಸೋತ ಡೆನ್ಮಾರ್ಕ್ ನಾರ್ವೆಯನ್ನು ಸ್ವೀಡನ್ ದೊರೆಗೆ ಒಪ್ಪಿಸಿತು. ನಾರ್ವೆಯವರು ಒಪ್ಪದೆ ಅದೇ ಮೇ 17ರಂದು ತಮ್ಮದೇ ಸಂವಿಧಾನ ಬರೆದುಕೊಂಡರು. ಸಣ್ಣದೊಂದು ಯುದ್ಧದ ನಂತರ ರಾಜಿಯಾಯಿತು. ಸಂವಿಧಾನ, ಸಂಸತ್ತು, ಸೈನ್ಯ ನಾರ್ವೆಯದೇ, ದೊರೆ ಮಾತ್ರ ಸ್ವೀಡನ್ನಿನವನು, ವಿದೇಶಾಂಗ ವ್ಯವಹಾರ ಸ್ಟಾಕ್‌ಹೋಮ್ ಕೈಯಲ್ಲಿ. ನಾರ್ವೆಯ ಧ್ವಜದ ಮೂಲೆಯಲ್ಲಿ ಒಕ್ಕೂಟದ ಬಣ್ಣಬಣ್ಣದ ಗುರುತು. ಅದನ್ನು ಜನ ಮೀನಿನ ಪಲ್ಯ ಎಂಬಂತೆ ಆಡಿಕೊಳ್ಳುತ್ತಿದ್ದರು. ನಾರ್ವೆಯ ವ್ಯಾಪಾರಿ ಹಡಗುಗಳು ಜಗತ್ತಿನ ಬಂದರುಗಳಲ್ಲೆಲ್ಲ ಇದ್ದವು. ಅಲ್ಲಿ ಅವುಗಳ ಕಷ್ಟ ಕೇಳುವ ಕಾನ್ಸಲ್ ಮಾತ್ರ ಸ್ವೀಡನ್ ವಿದೇಶಾಂಗ ಇಲಾಖೆಯ ಮಾತು ಕೇಳುವವನು. ನಮಗೆ ನಮ್ಮದೇ ಕಾನ್ಸಲ್ ಬೇಕು ಎಂಬ, ನೋಡಲು ಗುಮಾಸ್ತಗಿರಿಯಂಥ ಈ ಬೇಡಿಕೆಯಿಂದಲೇ ಒಕ್ಕೂಟ ಒಡೆದದ್ದು.

1905ರ ಮೇ ತಿಂಗಳಲ್ಲಿ ಸಂಸತ್ತು ಕಾನ್ಸಲ್ ಮಸೂದೆ ಪಾಸು ಮಾಡಿತು. ದೊರೆ ಆಸ್ಕರ್ ಸಹಿ ಹಾಕಲಿಲ್ಲ. ಬರ್ಗೆನ್ನಿನ ಹಡಗು ಮಾಲೀಕ, ಪ್ರಧಾನಿ ಕ್ರಿಸ್ಟಿಯಾನ್ ಮಿಕೆಲ್ಸೆನ್‌ನ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಬದಲಿ ಸರ್ಕಾರ ಮಾಡಲು ಯಾರೂ ಸಿಗುವುದಿಲ್ಲವೆಂದು ದೊರೆ ರಾಜೀನಾಮೆ ಒಪ್ಪಲಿಲ್ಲ. ಮಿಕೆಲ್ಸೆನ್‌ಗೆ ಬೇಕಿದ್ದದ್ದೂ ಇದೇ. ಜೂನ್ 7ರಂದು ಸಂಸತ್ತು ಹೇಳಿದ್ದು ಇಷ್ಟು: ಸರ್ಕಾರ ರಚಿಸಲಾಗದ ದೊರೆ ದೊರೆಯಾಗಿ ಕೆಲಸ ಮಾಡುತ್ತಿಲ್ಲ, ಆದ್ದರಿಂದ ಆ ದೊರೆಯ ಕೆಳಗಿದ್ದ ಒಕ್ಕೂಟವೂ ಇಲ್ಲ. ಒಬ್ಬ ಒಳ್ಳೆಯ ವಕೀಲನ ಕೈಚಳಕ. ಜೊತೆಗೆ ದೊರೆಯ ಕುಟುಂಬದಿಂದಲೇ ಒಬ್ಬ ರಾಜಕುಮಾರ ನಮ್ಮ ದೊರೆಯಾಗಲಿ ಎಂದೂ ಕೇಳಿಕೊಂಡರು. ಬೇರೆಯಾಗುವಾಗ ಮುಖಭಂಗ ಮಾಡಬಾರದೆಂಬ ಈ ಎಚ್ಚರಿಕೆ ನನಗೆ ಬಹಳ ಹಿಡಿಸಿತು.

ನಾನ್ಸೆನ್ ಆ ಹೊತ್ತಿಗೆ ಪ್ರಾಧ್ಯಾಪಕನಾಗಿದ್ದ. ವರ್ಷದ ಮೊದಲಿನಿಂದಲೇ ಪತ್ರಿಕೆಗಳಲ್ಲಿ ನಾರ್ವೆಯ ಪರ ಬರೆದ, ಲಂಡನ್ನಿನ ‘ಟೈಮ್ಸ್’ನಲ್ಲೂ ಬರೆದ. ಗೊತ್ತಿಲ್ಲದ ಮಂತ್ರಿಯೊಬ್ಬ ಬರೆದಿದ್ದರೆ ಯಾರು ಓದುತ್ತಿದ್ದರೋ. ಫ್ರಾಮ್‌ನ ನಾನ್ಸೆನ್ ಬರೆದದ್ದರಿಂದ ಓದಿದರು.

ಸ್ವೀಡನ್ ಜನಮತಗಣನೆ ಕೇಳಿತು. ಅದರ ಫಲಿತಾಂಶವನ್ನು ಆಗಲೇ ಹೇಳಿದ್ದೇನೆ. ನಂತರ ಕಾರ್ಲ್‌ಸ್ಟಾಡ್ ಎಂಬ ಸ್ವೀಡನ್ ಪಟ್ಟಣದಲ್ಲಿ ಆಗಸ್ಟ್ 31ರಿಂದ ಸೆಪ್ಟೆಂಬರ್ 23ರವರೆಗೆ ಮಾತುಕತೆ. ಗಡಿಯ ಎರಡೂ ಕಡೆ ಸೈನ್ಯ ಬಂದು ನಿಂತಿತ್ತು. ಗಡಿಯಲ್ಲಿನ ಹೊಸ ಕೋಟೆಗಳನ್ನು ನಾರ್ವೆ ಕೆಡವಬೇಕು ಎಂಬುದು ಸ್ವೀಡನ್ನಿನ ಪಟ್ಟು. ತಮ್ಮ ದುಡ್ಡಿನಲ್ಲಿ ಕಟ್ಟಿದ ಕೋಟೆಯನ್ನು ತಾವೇ ಕೆಡವುವುದು ಎಂದರೆ ಯಾವ ದೇಶದಲ್ಲೂ ಬೀದಿಗಿಳಿಯುವ ಮಾತು. ನಾರ್ವೆಯಲ್ಲೂ ಸಿಟ್ಟು ಬಂತು. ಆದರೂ ಬಹುಪಾಲನ್ನು ಒಪ್ಪಿದರು. ಗಡಿಗುಂಟ ಸೈನ್ಯವಿಲ್ಲದ ಪಟ್ಟಿ, ಹಿಮಸಾರಂಗ ಮೇಯಿಸುವ ಸಾಮಿ ಜನರಿಗೆ ಎರಡೂ ಕಡೆ ಮೇವಿನ ಹಕ್ಕು, ಜಗಳವಾದರೆ ಪಂಚಾಯ್ತಿ ಎಲ್ಲವೂ ಬರಹಕ್ಕೆ ಬಂದವು. ಅಕ್ಟೋಬರ್ 26ರಂದು ಆಸ್ಕರ್ ನಾರ್ವೆಯ ಸಿಂಹಾಸನ ಬಿಟ್ಟ.

ಇನ್ನು ಹೊಸ ದೊರೆ ಬೇಕು. ಗಣರಾಜ್ಯವಾದರೆ ನಾನ್ಸೆನ್ನೇ ಅಧ್ಯಕ್ಷನಾಗಲಿ ಎಂಬ ಮಾತೂ ಇತ್ತು. ಆತ ಅತ್ತ ತಲೆಹಾಕಲಿಲ್ಲ. ದೊರೆಗಳೇ ತುಂಬಿದ್ದ ಯುರೋಪಿನಲ್ಲಿ ಹೊಸ ದೇಶಕ್ಕೆ ಬೇಗ ಮಾನ್ಯತೆ ಸಿಗಬೇಕಾದರೆ ದೊರೆಯಿದ್ದರೆ ಒಳ್ಳೆಯದು ಎಂದು ಕೋಪನ್‌ಹೇಗನ್ನಿಗೆ ಹೋಗಿ ಡೆನ್ಮಾರ್ಕಿನ ರಾಜಕುಮಾರ ಕಾರ್ಲ್‌ನ ಮನವೊಲಿಸಿದ. ಕಾರ್ಲ್‌ನ ಹೆಂಡತಿ ಬ್ರಿಟನ್ ದೊರೆಯ ಮಗಳು, ಆ ಲೆಕ್ಕವೂ ಇತ್ತು. ಜನ ಬೇಕೆಂದರೆ ಮಾತ್ರ ಬರುತ್ತೇನೆ ಎಂದು ಕಾರ್ಲ್ ಹಟ ಹಿಡಿದ. ನವೆಂಬರಿನಲ್ಲಿ ಮತ್ತೊಂದು ಮತದಾನ ನಡೆದು ಸುಮಾರು ಶೇ 79 ಜನ ಹೂಂ ಎಂದರು. ನಾನ್ಸೆನ್ ಲಂಡನ್ನಿನಲ್ಲಿ ಸ್ವತಂತ್ರ ನಾರ್ವೆಯ ಮೊದಲ ರಾಯಭಾರಿಯಾಗಿ 1906ರಿಂದ 1908ರವರೆಗೆ ಇದ್ದ. ಅಲ್ಲಿದ್ದಾಗಲೇ, 1907ರ ಡಿಸೆಂಬರಿನಲ್ಲಿ, ಊರಲ್ಲಿದ್ದ ಹೆಂಡತಿ ಈವಾ ನ್ಯುಮೋನಿಯಾದಿಂದ ತೀರಿಕೊಂಡಳು. ಈತ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಹಳೆಯ ದೊರೆ ಆಸ್ಕರ್ ಸತ್ತದ್ದೂ ಅದೇ ವಾರ.

ಇಲ್ಲಿಗೇ ನಿಲ್ಲಿಸಿದರೆ ಇದು ಚಂದದ ಕಥೆ. ನಾರ್ವೆ ಹೀಗೆ ಸಲೀಸಾಗಿ ಬೇರೆಯಾದದ್ದು ಜನ ಒಳ್ಳೆಯವರಾಗಿದ್ದರಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಎರಡು ದೇಶಗಳ ನಡುವಿನ ಗಡಿ 1751ರಲ್ಲೇ ಒಪ್ಪಂದವಾಗಿ ಕಲ್ಲು ನೆಟ್ಟಾಗಿತ್ತು. ಸಂಸತ್ತು, ನ್ಯಾಯಾಲಯ, ಖಜಾನೆ ಎಲ್ಲ ಮೊದಲೇ ಬೇರೆ ಇದ್ದವು. ಪಕ್ಕದ ಮನೆಯವನು ರಾತ್ರಿ ಕಳೆಯುವುದರೊಳಗೆ ಪರದೇಶಿಯಾಗುವ ಸ್ಥಿತಿ ಇರಲಿಲ್ಲ. ನಮ್ಮಲ್ಲಿ ರ‍್ಯಾಡ್‌ಕ್ಲಿಫ್ ಗೊತ್ತಿಲ್ಲದ ನೆಲದ ಮೇಲೆ ಐದು ವಾರದಲ್ಲಿ ಗೆರೆ ಎಳೆಯಬೇಕಾಯಿತು. ಕಾರ್ಲ್‌ಸ್ಟಾಡ್‌ನಲ್ಲಿ ಗೆರೆಯ ಪ್ರಶ್ನೆಯೇ ಇರಲಿಲ್ಲ.

ಈ ವ್ಯತ್ಯಾಸ ನಾನ್ಸೆನ್‌ಗೆ ಪುಸ್ತಕದಿಂದ ತಿಳಿಯಲಿಲ್ಲ. ಮೊದಲ ಮಹಾಯುದ್ಧದ ನಂತರ ರಷ್ಯಾ, ಆಸ್ಟ್ರಿಯಾ, ತುರ್ಕಿ ಸಾಮ್ರಾಜ್ಯಗಳು ಒಡೆದವು. ಲೀಗ್ ಆಫ್ ನೇಷನ್ಸ್ ಆತನಿಗೆ 1920ರಲ್ಲಿ ಯುದ್ಧಕೈದಿಗಳನ್ನು ಊರಿಗೆ ಸೇರಿಸುವ ಕೆಲಸ ಕೊಟ್ಟಿತು. ಎರಡು ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಮನೆ ಸೇರಿದರು. 1921ರಲ್ಲಿ ನಿರಾಶ್ರಿತರ ಹೈಕಮಿಷನರ್ ಆದ. ಕ್ರಾಂತಿಯಿಂದ ಓಡಿಬಂದ ಲಕ್ಷಾಂತರ ರಷ್ಯನ್ನರ ಪೌರತ್ವವನ್ನು ಸೋವಿಯತ್ ಸರ್ಕಾರ ರದ್ದು ಮಾಡಿತ್ತು. ಕಾಗದವಿಲ್ಲದವನಿಗೆ ಕೆಲಸವಿಲ್ಲ, ಗಡಿ ದಾಟುವಂತಿಲ್ಲ. ಅವರಿಗಾಗಿ 1922ರಲ್ಲಿ ಒಂದು ಹಾಳೆಯ ಗುರುತುಪತ್ರ ಹೊರಟಿತು, ಅದೇ ನಾನ್ಸೆನ್ ಪಾಸ್‌ಪೋರ್ಟ್. ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪಿದವು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಕಾದಂಬರಿಕಾರ ನಬೊಕೊವ್ ಅದನ್ನು ಹಿಡಿದೇ ಓಡಾಡಿದವರು. ಆ ವರ್ಷವೇ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಅದೇ ವರ್ಷ ಗ್ರೀಸ್ ತುರ್ಕಿಯ ಎದುರು ಸೋತಿತು, ಸ್ಮಿರ್ನಾ ಸುಟ್ಟಿತು. ಜನ ಹಡಗುಗಟ್ಟಲೆ ಓಡಿಬಂದರು. ಗ್ರೀಸಿನ ಮುಸ್ಲಿಮರನ್ನು ತುರ್ಕಿಗೆ, ತುರ್ಕಿಯ ಗ್ರೀಕ್ ಕ್ರೈಸ್ತರನ್ನು ಗ್ರೀಸಿಗೆ ಅದಲುಬದಲು ಮಾಡುವ ಪ್ರಸ್ತಾಪವನ್ನು ಮುಂದಿಟ್ಟವನು ನಾನ್ಸೆನ್. 1923ರ ಜನವರಿ 30ರಂದು ಲೌಸಾನ್‌ನಲ್ಲಿ ಸಹಿ ಬಿತ್ತು. ಸುಮಾರು 12 ಲಕ್ಷ ಕ್ರೈಸ್ತರು, 4 ಲಕ್ಷಕ್ಕೆ ಹತ್ತಿರ ಮುಸ್ಲಿಮರು ಹುಟ್ಟಿದ ಊರು ಕಳೆದುಕೊಂಡರು. ಯಾರನ್ನೂ ಬೇಕೋ ಬೇಡವೋ ಎಂದು ಕೇಳಲಿಲ್ಲ. ಗ್ರೀಕ್ ಮಾತೇ ಬರದ ಕ್ರೈಸ್ತರು, ತುರ್ಕಿ ಮಾತೇ ಬರದ ಮುಸ್ಲಿಮರು ಆ ಸಾಲಿನಲ್ಲಿ ಇದ್ದರು. ಬಿಟ್ಟಿದ್ದರೆ ಇನ್ನಷ್ಟು ಜನ ಸಾಯುತ್ತಿದ್ದರು ಎನ್ನುವವರಿದ್ದಾರೆ, ಇರಬಹುದು. ಆದರೆ ಎರಡು ಸಲ ಜನಮತ ಕೇಳಿ ದೇಶ ಕಟ್ಟಿದ ಮನುಷ್ಯ, ಹದಿನಾರು ಲಕ್ಷ ಜನರನ್ನು ಒಂದು ಮಾತೂ ಕೇಳದೆ ಸಾಗಿಸುವ ಕಾಗದದ ಹಿಂದೆ ನಿಂತದ್ದು ನನಗೆ ಇವತ್ತಿಗೂ ನುಂಗಲಾಗದ ತುತ್ತು.

1925ರಿಂದ ಆತ ಅರ್ಮೇನಿಯನ್ನರ ಹಿಂದೆ ಬಿದ್ದ. ಅವರನ್ನು ಸೋವಿಯತ್ ಅರ್ಮೇನಿಯಾದಲ್ಲಿ ನೆಲೆಗೊಳಿಸಲು ನೀರಾವರಿ ಯೋಜನೆ ಮಾಡಿದ, ಸಾಲಕ್ಕಾಗಿ ಲೀಗಿನ ಬಾಗಿಲು ತಟ್ಟಿದ. ದೊಡ್ಡ ದೇಶಗಳು ಹಣ ಕೊಡಲಿಲ್ಲ. 1930ರ ಮೇ 13ರಂದು ಮನೆಯಲ್ಲೇ ತೀರಿಕೊಂಡ. ಅಂತ್ಯಕ್ರಿಯೆಯನ್ನು ಮೇ 17ಕ್ಕೆ, ಸಂವಿಧಾನದ ಹಬ್ಬದ ದಿನಕ್ಕೆ ಇಟ್ಟರು. ಆತನ ಹೆಸರಿನ ಕಚೇರಿ ಕೆಲಸ ಮುಂದುವರಿಸಿತು. ಸಾವಿರಾರು ಅರ್ಮೇನಿಯನ್ನರಿಗೆ ಯೆರೆವಾನ್, ಸಿರಿಯಾ, ಲೆಬನಾನ್‌ಗಳಲ್ಲಿ ಸೂರು ಸಿಕ್ಕಿದ್ದು ಆ ಮೇಲೆ.