ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್: ಆಡುವ ಮಾತಿನಲ್ಲೇ ಓದು ಕಲಿಸಿದವರು

ಏಪ್ರಿಲ್ 7ರಂದು ಧರ್ಮಸಭೆ ಸ್ಮರಿಸುವ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರು ಶಿಕ್ಷಕರ ಪಾಲಕ ಸಂತರೆಂದು ನಮ್ಮಲ್ಲಿ ಅನೇಕರು ಬಲ್ಲರು. ಆದರೆ ಪುಟ್ಟ ಮಕ್ಕಳಿಗೆ ಓದು ಬರಹ ಕಲಿಸುವ ಕ್ರಮಕ್ಕಾಗಿ ಅವರು ಪಟ್ಟ ಪಾಡು ಅಷ್ಟಾಗಿ ತಿಳಿದಿಲ್ಲ.

ಫ್ರಾನ್ಸ್ ದೇಶದ ರೀಮ್ಸ್ ನಗರದ ಸಿರಿವಂತ ಮನೆತನದಲ್ಲಿ 1651ರ ಏಪ್ರಿಲ್ 30ರಂದು ಅವರು ಹುಟ್ಟಿದರು. ಹದಿಹರೆಯದಲ್ಲೇ ಪ್ರಧಾನಾಲಯದ ಕ್ಯಾನನ್ ಪದವಿ ದೊರೆಯಿತು. ಅದಕ್ಕೆ ಗೌರವವೂ ಇತ್ತು, ಆದಾಯವೂ ಇತ್ತು. ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ ವರ್ಷದೊಳಗೆ ತಾಯಿ ತಂದೆ ಇಬ್ಬರೂ ತೀರಿಕೊಂಡರು. ಹಿರಿಯ ಮಗನಾಗಿ ಊರಿಗೆ ಮರಳಿ ತಮ್ಮ ತಂಗಿಯರ ಹೊಣೆ ಹೊತ್ತರು. 1678ರಲ್ಲಿ ಗುರುದೀಕ್ಷೆಯಾಯಿತು.

ಮರುವರ್ಷ ರುವಾನ್ ಪಟ್ಟಣದಿಂದ ಏಡ್ರಿಯನ್ ನಿಯೆಲ್ ಎಂಬವರು ಬಡ ಹುಡುಗರಿಗೆ ಶಾಲೆ ತೆರೆಯಲೆಂದು ರೀಮ್ಸಿಗೆ ಬಂದರು. ಲಾ ಸಾಲ್ ನೆರವಾದರು, ಅಷ್ಟೆ. ತಾವೇ ಆ ಕೆಲಸಕ್ಕಿಳಿಯುವ ಯೋಚನೆ ಅವರಿಗಿರಲಿಲ್ಲ. ಆ ಕಾಲದ ಶಾಲಾ ಮೇಷ್ಟ್ರುಗಳನ್ನು ತಮ್ಮ ಮನೆಯ ಆಳಿಗಿಂತ ಕೀಳೆಂದು ಎಣಿಸುತ್ತಿದ್ದುದಾಗಿ ಅವರೇ ಮುಂದೆ ಮರೆಮಾಚದೆ ಬರೆದಿಟ್ಟಿದ್ದಾರೆ. ಅಂಥವರನ್ನು ಮೊದಲು ಊಟಕ್ಕೆ ಕರೆದರು. 1681ರಲ್ಲಿ ಮನೆಯಲ್ಲೇ ಇರಿಸಿಕೊಂಡರು. ಬಂಧುಗಳು ಕೆರಳಿದರು. ದೇವರನ್ನು ನಂಬಿ ಎಂದು ಬೋಧಿಸಿದಾಗ ಆ ಮೇಷ್ಟ್ರುಗಳೂ ಬಿಡಲಿಲ್ಲ: ಆಸ್ತಿ ಇರುವ ನಿಮಗೆ ಹಾಗೆ ಹೇಳುವುದು ಸುಲಭ ಎಂದರು. ಆ ಮಾತು ನಾಟಿತು. 1683ರಲ್ಲಿ ಕ್ಯಾನನ್ ಪದವಿ ಬಿಟ್ಟರು. 1684ರ ಚಳಿಗಾಲದಿಂದ ಕಾಡಿದ ಬರಗಾಲದಲ್ಲಿ ತಮ್ಮ ಸೊತ್ತನ್ನೆಲ್ಲ ಬಡವರ ರೊಟ್ಟಿಗೆ ಸುರಿದರು.

ಆಗಿನ ಶಾಲೆಗಳಲ್ಲಿ ಮೇಷ್ಟ್ರು ಒಂದೊಂದೇ ಮಗುವನ್ನು ಬಳಿಗೆ ಕರೆದು ಪಾಠ ಒಪ್ಪಿಸಿಕೊಳ್ಳುವುದು ರೂಢಿ. ಉಳಿದವರು ಗದ್ದಲ ಮಾಡಿಕೊಂಡು ಕೂತಿರುತ್ತಿದ್ದರು. ಲಾ ಸಾಲರ ಶಾಲೆಗಳಲ್ಲಿ ಒಂದೇ ಮಟ್ಟದ ಮಕ್ಕಳಿಗೆ ಒಂದೇ ಪುಸ್ತಕ. ಒಬ್ಬ ಗಟ್ಟಿಯಾಗಿ ಓದಿದರೆ ಉಳಿದವರು ಬೆರಳಿಟ್ಟು ಹಿಂಬಾಲಿಸಬೇಕು. ಈ ಕ್ರಮಕ್ಕೆ ಅವರಿಗಿಂತ ಮುಂಚಿನವರೂ ಇದ್ದರು, ನಿಜ. ಅದನ್ನು ದಿನನಿತ್ಯದ ರೂಢಿಯಾಗಿಸಿ ಊರೂರಿಗೆ ಒಯ್ದವರು ಇವರು. ಮೊದಲು ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟ, ಆಮೇಲೆ ಅಕ್ಷರ ಕೂಡಿಸಿದ ಉಚ್ಚಾರಗಳ ಪಟ (ನಮ್ಮ ಕಾಗುಣಿತದ ಹಾಗೆ ಎನ್ನಬಹುದು), ಅನಂತರ ಪುಸ್ತಕ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಏರಿಸುತ್ತಿರಲಿಲ್ಲ.

ಆ ಪುಸ್ತಕ ಯಾವ ಭಾಷೆಯದು ಎಂಬಲ್ಲೇ ತಕರಾರು. ಓದು ಕಲಿಯುವುದೆಂದರೆ ಲ್ಯಾಟಿನ್ ಓದುವುದು ಎಂಬುದು ಅಂದಿನ ವಾಡಿಕೆ. ಶಾರ್ತ್ರ್ ಧರ್ಮಕ್ಷೇತ್ರದ ಧರ್ಮಾಧ್ಯಕ್ಷ ಗೊದೆ ದೆ ಮರೆ ಇವರ ಗೆಳೆಯರು, ಶಾಲೆ ತೆರೆಯಲು ಸಹೋದರರನ್ನು ಕರೆಸಿಕೊಂಡವರು; ಅವರೂ ಲ್ಯಾಟಿನ್ನೇ ಮೊದಲಾಗಲಿ ಎಂದರು. ಲಾ ಸಾಲ್ ವಿನಯದಿಂದಲೇ ಕಾರಣಗಳನ್ನು ಬರೆದು ಮುಂದಿಟ್ಟರು. ಬಡವರ ಮಕ್ಕಳು ಶಾಲೆಯಲ್ಲಿ ಉಳಿಯುವುದು ಕೆಲವೇ ದಿನ; ಕೈಗೆ ಬಲ ಬಂದೊಡನೆ ಕೂಲಿಗೆ ಹೋಗುತ್ತಾರೆ. ತಿಳಿಯದ ಭಾಷೆಯಲ್ಲಿ ತಡವರಿಸುತ್ತಲೇ ಶಾಲೆ ಬಿಟ್ಟರೆ ಎರಡೂ ಇಲ್ಲ. ಫ್ರೆಂಚ್ ಓದಬಲ್ಲವನಿಗೆ ಲ್ಯಾಟಿನ್ ಬೇಗ ಹತ್ತುತ್ತದೆ. ಲ್ಯಾಟಿನ್ ಮಾತ್ರ ಓದಿದವನು ಫ್ರೆಂಚ್ ಓದಲಾರ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು, ಪೂಜೆಯಲ್ಲಿ ಒಮ್ಮೊಮ್ಮೆ ಮೂರನೆಯದು ಕೇಳುವ ನಮಗೆ ಈ ವಾದವನ್ನು ಬಿಡಿಸಿ ಹೇಳಬೇಕಿಲ್ಲ. ಲಾ ಸಾಲರು ಲ್ಯಾಟಿನ್ನನ್ನು ಕೈಬಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ಫ್ರೆಂಚನ್ನು ಚೆನ್ನಾಗಿ ಓದಬಲ್ಲವರಿಗೆ ಲ್ಯಾಟಿನ್ ಕೀರ್ತನೆಗಳ ಪುಸ್ತಕ ಕೊಡುತ್ತಿದ್ದರು.

ಓದಿನ ಕೊನೆಯ ಮೆಟ್ಟಿಲಲ್ಲಿ ಕೈಬರಹದ ಹಳೆಯ ಕಾಗದಪತ್ರಗಳನ್ನು ಓದಿಸುತ್ತಿದ್ದರು. ಬರವಣಿಗೆ ಕೈಗೂಡಿದ ಮೇಲೆ ಸಾಲಪತ್ರ, ರಸೀದಿ, ಗೇಣಿಪತ್ರಗಳನ್ನು ನಕಲು ಮಾಡಿಸುತ್ತಿದ್ದರು. ಕೂಲಿಕಾರನ ಮಗನಿಗೆ ಮುಂದೆ ಬೇಕಾಗುವುದು ಅದೇ ತಾನೆ?

ಈ ಬರವಣಿಗೆಯೇ ಅವರನ್ನು ನ್ಯಾಯಾಲಯಕ್ಕೆ ಎಳೆಯಿತು. ಪ್ಯಾರಿಸ್ಸಿನಲ್ಲಿ ಬರಹ ಕಲಿಸುವುದು ಲಿಪಿಕಾರರ ಸಂಘದ ಹಕ್ಕು. ಶುಲ್ಕ ತೆರಬಲ್ಲವರ ಮಕ್ಕಳೂ ಧರ್ಮದ ಶಾಲೆಗೆ ಹೋದರೆ ತಮ್ಮ ಗತಿಯೇನೆಂದು ಅವರು ದಾವೆ ಹೂಡಿದರು. ಅವರ ಹೊಟ್ಟೆಪಾಡಿನ ಅಳಲನ್ನೂ ತಳ್ಳಿಹಾಕಲಾಗದು. ತೀರ್ಪುಗಳು ಲಾ ಸಾಲರಿಗೆ ವಿರುದ್ಧವಾದವು. 1706ರಲ್ಲಿ ಸಹೋದರರು ಕೆಲಕಾಲ ಪ್ಯಾರಿಸ್ಸಿನ ಶಾಲೆಗಳನ್ನು ಬಿಟ್ಟು ಹೊರಡಬೇಕಾಯಿತು.

ಕೊನೆಯ ದಿನಗಳನ್ನು ಅವರು ರುವಾನಿನ ಸೇಂತ್ ಯೋನ್ ಮನೆಯಲ್ಲಿ ಕಳೆದರು. 1719ರ ಏಪ್ರಿಲ್ 7, ಶುಭ ಶುಕ್ರವಾರದ ಮುಂಜಾನೆ ಅವರ ಉಸಿರು ನಿಂತಿತು. 1900ರಲ್ಲಿ ಹದಿಮೂರನೆಯ ಲಿಯೋ ಪೋಪರು ಅವರನ್ನು ಸಂತರೆಂದು ಘೋಷಿಸಿದರು. 1950ರಲ್ಲಿ ಹನ್ನೆರಡನೆಯ ಪಿಯೂಸರು ಶಿಕ್ಷಕರ ಪಾಲಕರನ್ನಾಗಿ ನೇಮಿಸಿದರು.

ಸಹೋದರರೊಡನೆ ಕೂಡಿ ಅವರು ರೂಪಿಸಿದ ಶಾಲಾ ಕೈಪಿಡಿ ಬಹುಕಾಲ ಕೈಬರಹದಲ್ಲೇ ಇದ್ದು, ಅವರು ತೀರಿಕೊಂಡ ಮರುವರ್ಷ ಅವಿನ್ಯೋನಿನಲ್ಲಿ ಅಚ್ಚಾಯಿತು. ಶಾಲೆಗೆ ಬಾರದ ಮಗು ಯಾಕೆ ಬರಲಿಲ್ಲವೆಂದು ವಿಚಾರಿಸುವುದು ಹೇಗೆ ಎಂಬುದೂ ಅದರಲ್ಲಿದೆ. ಲೇಖನಿ ಹಿಡಿಯಲು ತಿಳಿಯದ ಎಳೆಯ ಕೈಗೆ ಮೊದಲು ಅಷ್ಟೇ ದಪ್ಪದ ಒಂದು ಕಡ್ಡಿ ಕೊಡಬೇಕು, ಬೆರಳು ಎಲ್ಲಿಡಬೇಕೋ ಅಲ್ಲಿ ಕಡ್ಡಿಗೆ ಕಚ್ಚು ಹಾಕಿರಬೇಕು ಎಂಬುದೂ ಇದೆ.